ಹೊಲದ ಟಿಪ್ಪಣಿಗೆ ಪ್ರಶ್ನೆ ಕೇಳೋದು ಹೇಗೆ? ಫೋನಿನಲ್ಲೇ ಕಮಾಂಡ್ ಲೈನ್

ಹೋದ ವರ್ಷ ಆಲೂಗಡ್ಡೆ ಯಾವ ತಾರೀಖು ಬಿತ್ತಿದ್ರಿ? ಬಿತ್ತಿದ ಎಷ್ಟನೇ ದಿನಕ್ಕೆ ಅಂಗಮಾರಿ ಕಾಣಿಸ್ತು? ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದ್ರಿ? ಈ ಮೂರಕ್ಕೂ ಒಂದು ನಿಮಿಷದೊಳಗೆ ಉತ್ತರ ಕೊಡೋಕೆ ಆಗುತ್ತೆ ಅನ್ನೋರು ಈ ವಾರದ ಲೇಖನ ಬಿಟ್ಟು ಹೊಲಕ್ಕೆ ಹೋಗಬಹುದು. ಉಳಿದವರು ಓದಿ.

ನಮ್ಮ ವಯಸ್ಸಿನ ರೈತರು ಬರೆದಿಡೋದಿಲ್ಲ ಅಂತ ದೊಡ್ಡವರು ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಬರೀತೀವಿ, ಆದರೆ ಹತ್ತು ಕಡೆ. ಒಂದಷ್ಟು ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಮೆಸೇಜು, ಒಂದಷ್ಟು ಗೊಬ್ಬರದ ಅಂಗಡಿ ಬಿಲ್ಲಿನ ಫೋಟೋ, ಒಂದಷ್ಟು ಯಾವುದೋ ನೋಟ್ಸ್ ಆ್ಯಪ್‌ನಲ್ಲಿ. ಬರೆದದ್ದು ಇದೆ, ಕೇಳಿದಾಗ ಸಿಗೋದಿಲ್ಲ. ಹುಡುಕೋಕೆ ಆಗದ ಟಿಪ್ಪಣಿ ಇದ್ದೂ ಇಲ್ಲದ ಹಾಗೇ.

ನಾನು ಓದಿದ್ದು ತೋಟಗಾರಿಕೆ. ಈಗ ಹೊಳೆನರಸೀಪುರ ತಾಲ್ಲೂಕಿನಲ್ಲಿ ಸಾವಯವದಲ್ಲಿ ತರಕಾರಿ, ಆಲೂಗಡ್ಡೆ. ಅರಕಲಗೂಡು ಕಡೆ ಗುತ್ತಿಗೆಗೆ ಹಿಡಿದ ಒಂದು ಹೊಲ ಇದೆ. ಚನ್ನರಾಯಪಟ್ಟಣದ ಹತ್ತಿರ ಅತ್ತೆ ಮನೆಯ ತೆಂಗಿನ ತೋಟದ ಜವಾಬ್ದಾರಿಯೂ ನನ್ನದೇ. ಮಾರಾಟ ಹಾಸನದಲ್ಲಿ. ಹೀಗೆ ನಾಲ್ಕು ಊರಿನ ಲೆಕ್ಕ ಒಂದೇ ಫೋನಿನಲ್ಲಿ ಇಡಬೇಕು. ಒಂದೇ ಜಿಲ್ಲೆ ಅನ್ನೋದು ಹೆಸರಿಗೆ. ಅರಕಲಗೂಡಿನಲ್ಲಿ ಹಿಡಿದು ಹೊಡೆಯೋ ಮಳೆಗೂ ಚನ್ನರಾಯಪಟ್ಟಣದ ಒಣ ಗಾಳಿಗೂ ಸಂಬಂಧವೇ ಇಲ್ಲ. ಹಾಗಾಗಿ ಯಾರೋ ಬರೆದ ಬೇಸಾಯದ ಕ್ಯಾಲೆಂಡರ್ ನಮಗೆ ಪೂರ್ತಿ ಹೊಂದೋದಿಲ್ಲ. ನಮ್ಮ ಹೊಲದ ಕ್ಯಾಲೆಂಡರ್ ನಮ್ಮ ಟಿಪ್ಪಣಿಯಿಂದಲೇ ಬರಬೇಕು.

ಆ್ಯಪ್ ಯಾವುದಾದ್ರೂ ಆಗುತ್ತಾ?

ಆಗೋದಿಲ್ಲ, ಮತ್ತು ಇದು ರುಚಿಯ ಪ್ರಶ್ನೆ ಅಲ್ಲ. ಹೆಚ್ಚಿನ ನೋಟ್ಸ್ ಆ್ಯಪ್‌ಗಳು ನೀವು ಬರೆದದ್ದನ್ನ ತಮ್ಮದೇ ಡಬ್ಬದಲ್ಲಿ, ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ತವೆ. ನಾಳೆ ನಿಯಮ ಬದಲಾದ್ರೆ ನಾವು ಏನೂ ಮಾಡೋಕೆ ಆಗಲ್ಲ. ಜಗತ್ತಿನ ದೊಡ್ಡ ನೋಟ್ಸ್ ಆ್ಯಪ್‌ಗಳಲ್ಲಿ ಒಂದಾದ ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಅಂತ ಮಿತಿ ಹಾಕಿತು. 50 ಟಿಪ್ಪಣಿ ಅಂದ್ರೆ ಒಂದು ಶುಂಠಿ ಬೆಳೆಗೂ ಸಾಲೋದಿಲ್ಲ.

ಸಾವಯವ ದೃಢೀಕರಣಕ್ಕೆ ಹೋಗೋರಿಗೆ ಇದು ಇನ್ನೂ ಗಂಭೀರ. ಎನ್‌ಪಿಒಪಿ ಮಾನದಂಡದಲ್ಲಿ ಪರಿವರ್ತನೆ ಅವಧಿ ಸಾಮಾನ್ಯವಾಗಿ ವಾರ್ಷಿಕ ಬೆಳೆಗೆ 2 ವರ್ಷ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ. ಅಷ್ಟು ವರ್ಷದ ದಾಖಲೆ ಕೈಯಲ್ಲಿರಬೇಕು. ನಾವು ಕೆಲವರು ಇರೋದು ಪಿಜಿಎಸ್ ಗುಂಪಿನಲ್ಲಿ. ಅಲ್ಲಿ ಕನಿಷ್ಠ 5 ಜನ ರೈತರು ಸೇರಿ ಒಬ್ಬರ ಹೊಲವನ್ನ ಇನ್ನೊಬ್ಬರು ನೋಡಿ ಪರಿಶೀಲನೆ ಮಾಡ್ತಾರೆ. ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿ ಸಾವಯವದಲ್ಲಿ ಪೂರ್ತಿ ನಿಷೇಧ ಅಲ್ಲ, ಆದರೆ ನಿರ್ಬಂಧಿತ ಬಳಕೆಯ ಪಟ್ಟಿಯಲ್ಲಿದೆ. ಹಾಗಾಗಿ ಯಾವಾಗ ಹೊಡೆದ್ರಿ, ಎಷ್ಟು ಹೊಡೆದ್ರಿ, ಯಾಕೆ ಹೊಡೆದ್ರಿ ಅಂತ ಕೇಳೇ ಕೇಳ್ತಾರೆ. ಪಕ್ಕದ ಹೊಲದವನೇ ಪರಿಶೀಲನೆಗೆ ಬಂದಾಗ "ಎರಡೋ ಮೂರೋ ಸಲ ಇರಬೇಕು ಕಣಣ್ಣ" ಅಂದ್ರೆ ಅವನಿಗೂ ಬರೆಯೋಕೆ ಕಷ್ಟ, ನಮಗೂ ಮರ್ಯಾದೆ ಅಲ್ಲ.

ಅದಕ್ಕೆ ನನ್ನ ಒಂದೇ ಷರತ್ತು: ಟಿಪ್ಪಣಿ ಸಾದಾ ಟೆಕ್ಸ್ಟ್ ಫೈಲ್ ಆಗಿ ನನ್ನ ಫೋನಿನ ನನ್ನ ಫೋಲ್ಡರ್‌ನಲ್ಲಿ ಇರಬೇಕು. ನೆಟ್‌ವರ್ಕ್ ಇಲ್ಲದಿದ್ರೂ ತೆರೆಯಬೇಕು. ಈ ಆ್ಯಪ್ ಹೋದ್ರೆ ಇನ್ನೊಂದರಲ್ಲಿ ಓದೋಕೆ ಬರಬೇಕು. ಇದಕ್ಕೆ ಸರಿಹೊಂದೋದು ಮಾರ್ಕರ್ ಅನ್ನೋ ಉಚಿತ ಆ್ಯಪ್. ಹೆಸರು ಹಾಗಿದ್ರೂ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ಇ-ಆರ್ ಬದಲು ಒ-ಆರ್. ನೀವು ತೋರಿಸಿದ ಫೋಲ್ಡರ್‌ನಲ್ಲಿ ಸಾದಾ ಫೈಲ್ ಬರೆಯುತ್ತೆ, ಅಷ್ಟೇ. ಖಾತೆ ತೆರೆಯೋದಿಲ್ಲ, ಪಾಸ್‌ವರ್ಡ್ ಕೇಳೋದಿಲ್ಲ.

ಬರೆಯೋದು ಆ್ಯಪ್‌ನಲ್ಲಿ, ಕೇಳೋದು ಕಮಾಂಡ್‌ನಲ್ಲಿ

ಆ್ಯಪ್ ಒಳಗೇ ಹುಡುಕೋ ಗುಂಡಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಒಂದು ಪದ ಹುಡುಕೋಕೆ ಸಾಕು. ಆದರೆ "ಕೆರೆಹೊಲದ ಖರ್ಚು ಮಾತ್ರ ತಾರೀಖಿನ ಪ್ರಕಾರ ಜೋಡಿಸಿ ಒಟ್ಟು ಎಷ್ಟು ಅಂತ ಹೇಳು" ಅಂದ್ರೆ ಆ ಗುಂಡಿ ಕೈ ಎತ್ತುತ್ತೆ. ಅಲ್ಲಿಗೆ ಕಮಾಂಡ್ ಲೈನ್ ಬೇಕು.

ಕಮಾಂಡ್ ಲೈನ್ ಅಂದ್ರೆ ಗುಂಡಿ ಒತ್ತೋ ಬದಲು ಬರೆದು ಕೇಳೋದು. ಇದಕ್ಕೆ ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನೋ ಆ್ಯಪ್ ಇದೆ. ಫೋನನ್ನ ರೂಟ್ ಮಾಡೋದು ಬೇಡ, ಹಳೇ ಫೋನಾದ್ರೂ ನಡೆಯುತ್ತೆ. ಟರ್ಮಕ್ಸ್, ಮಾರ್ಕರ್ ಎರಡನ್ನೂ ಎಫ್-ಡ್ರಾಯ್ಡ್ ಅನ್ನೋ ಉಚಿತ ತಂತ್ರಾಂಶದ ಸಂಗ್ರಹದಿಂದ ಹಾಕಿಕೊಳ್ಳಿ. ಎಫ್-ಡ್ರಾಯ್ಡ್ ಪ್ಲೇ ಸ್ಟೋರ್‌ನಲ್ಲಿ ಇಲ್ಲ, ಅದರದೇ ವೆಬ್‌ಸೈಟ್‌ನಿಂದ ಇಳಿಸಬೇಕು. ಆಗ ಫೋನು "ಹೊರಗಿನ ಆ್ಯಪ್, ಅನುಮತಿ ಕೊಡ್ತೀರಾ" ಅಂತ ಕೇಳುತ್ತೆ. ಈ ಒಂದಕ್ಕೆ ಕೊಡಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಎಪಿಕೆ ಫೈಲ್‌ಗೆ ಮಾತ್ರ ಯಾವತ್ತೂ ಕೊಡಬೇಡಿ. ಬ್ಯಾಂಕ್ ಖಾತೆ ಖಾಲಿ ಆಗೋ ದಾರಿ ಅದು.

ಇಲ್ಲಿಂದ ಮುಂದೆ ನಾನು ಕಮಾಂಡುಗಳನ್ನ ಗೆಳೆಯನಿಗೆ ಫೋನಿನಲ್ಲಿ ಹೇಳಿದ ಹಾಗೆ ಅಕ್ಷರ ಬಿಡಿಸಿ ಹೇಳ್ತೀನಿ. ನೀವು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ. ಒಂದೊಂದು ಸಾಲು ಆದಮೇಲೂ ಎಂಟರ್ ಒತ್ತಬೇಕು.

ಮೊದಲು ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ ಎಚ್-ಒ-ಎಲ್-ಎ, ಹೊಲ, ಅಂತ ಒಂದು ಫೋಲ್ಡರ್ ಮಾಡಿ. ಮಾರ್ಕರ್‌ನ ಸೆಟ್ಟಿಂಗ್‌ನಲ್ಲಿ ಇದನ್ನೇ ನೋಟ್‌ಬುಕ್ ಫೋಲ್ಡರ್ ಅಂತ ತೋರಿಸಿ. ಆಮೇಲೆ ಟರ್ಮಕ್ಸ್ ತೆರೆದು, ಟರ್ಮಕ್ಸ್, ಸೆಟಪ್, ಸ್ಟೋರೇಜ್ ಅನ್ನೋ ಮೂರು ಪದ ಟೈಪ್ ಮಾಡಿ, ನಡುವೆ ಜಾಗ ಬಿಡದೆ ಮೈನಸ್ ಗುರುತು ಹಾಕಿ. ಫೋನು ಅನುಮತಿ ಕೇಳುತ್ತೆ, ಕೊಡಿ. ಈಗ ಟರ್ಮಕ್ಸ್‌ಗೆ ನಿಮ್ಮ ಫೋನಿನ ಫೈಲುಗಳು ಕಾಣ್ತವೆ. ಫೋಲ್ಡರ್ ಒಳಗೆ ಹೋಗೋಕೆ: ಸಿ-ಡಿ, ಒಂದು ಸ್ಪೇಸ್, ಆಮೇಲೆ ಸ್ಟೋರೇಜ್, ಓರೆಗೆರೆ, ಶೇರ್ಡ್, ಓರೆಗೆರೆ, ಡಾಕ್ಯುಮೆಂಟ್ಸ್, ಓರೆಗೆರೆ, ಹೊಲ. ಡಾಕ್ಯುಮೆಂಟ್ಸ್‌ನ ಡಿ ದೊಡ್ಡಕ್ಷರ. ಈಗ ಎಲ್-ಎಸ್ ಅಂತ ಹೊಡೆದ್ರೆ ಮಾರ್ಕರ್‌ನಲ್ಲಿ ಬರೆದ ಫೈಲುಗಳ ಪಟ್ಟಿ ಬರುತ್ತೆ. ಬಂತು ಅಂದ್ರೆ ಅರ್ಧ ಕೆಲಸ ಮುಗೀತು.

ಒಂದು ಎಚ್ಚರಿಕೆ. ಟಿಪ್ಪಣಿಗಳನ್ನ ಟರ್ಮಕ್ಸ್‌ನ ಒಳಗಿನ ಫೋಲ್ಡರ್‌ನಲ್ಲಿ ಇಡಬೇಡಿ. ಆ್ಯಪ್ ತೆಗೆದು ಹಾಕಿದ್ರೆ ಅದರ ಒಳಗಿರೋದೆಲ್ಲ ಅದರ ಜೊತೆಗೇ ಹೋಗುತ್ತೆ. ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದು ಉಳಿಯುತ್ತೆ.

ಒಂದು ಸಾಲು, ಒಂದು ಕೆಲಸ

ಈಗ ಬರೆಯೋ ಕ್ರಮ. ನನ್ನ ಪ್ರಕಾರ ಈ ಲೇಖನದಲ್ಲಿ ತುಂಬ ಮುಖ್ಯವಾದದ್ದು ಇದೇ. ಕಮಾಂಡು ಮರೆತರೆ ಮತ್ತೆ ಕೇಳಬಹುದು, ಕೆಟ್ಟದಾಗಿ ಬರೆದ ಟಿಪ್ಪಣಿಯನ್ನ ಎರಡು ವರ್ಷದ ಮೇಲೆ ಸರಿ ಮಾಡೋಕೆ ಆಗಲ್ಲ.

ನನ್ನ ಫೈಲಿನ ಕೆಲವು ಸಾಲು ಹೀಗಿರ್ತವೆ:

2025-05-28 ಕೆರೆಹೊಲ ಆಲೂಗಡ್ಡೆ ಬಿತ್ತನೆ 12 ಗುಂಟೆ, ಗೆಡ್ಡೆ 4 ಚೀಲ, ರೋಹಿಣಿ ಮಳೆ ಹದ
2025-06-30 ಕೆರೆಹೊಲ ಆಲೂಗಡ್ಡೆ ಕೆಳ ಎಲೆಯಲ್ಲಿ ಅಂಗಮಾರಿ ಚುಕ್ಕೆ, 3 ದಿನದಿಂದ ಮೋಡ
2025-07-01 ಕೆರೆಹೊಲ ಆಲೂಗಡ್ಡೆ ಬೋರ್ಡೋ ಶೇಕಡಾ 1, 60 ಲೀಟರ್
2025-07-01 ಕೆರೆಹೊಲ ಆಲೂಗಡ್ಡೆ ಖರ್ಚು ಮೈಲುತುತ್ತ ಸುಣ್ಣ 420

ತಾರೀಖು ವರ್ಷದಿಂದ ಶುರುವಾಗಿ ತಿಂಗಳು, ದಿನ ಅಂತ ಬರುತ್ತೆ. ನಾವು ರೂಢಿಯಲ್ಲಿ ಬರೆಯೋದು ಉಲ್ಟಾ. ಆದರೆ 28-05-2025 ಅಂತ ಬರೆದರೆ ಕಂಪ್ಯೂಟರ್ ಮೊದಲು 28ನ್ನ ನೋಡಿ ಜೋಡಿಸುತ್ತೆ, ಮೇ ತಿಂಗಳ 28ರ ಪಕ್ಕದಲ್ಲಿ ಡಿಸೆಂಬರ್ 28 ಬಂದು ಕೂರುತ್ತೆ. ವರ್ಷ ಮೊದಲು ಬರೆಯೋದು ಐಎಸ್‌ಒ 8601 ಅನ್ನೋ ಅಂತರರಾಷ್ಟ್ರೀಯ ಪದ್ಧತಿ. ಹಾಗೆ ಬರೆದರೆ ಯಾವ ಕಂಪ್ಯೂಟರ್ ಆದ್ರೂ ಸರಿಯಾಗಿ ಜೋಡಿಸುತ್ತೆ. ತಿಂಗಳು, ದಿನ ಒಂದಂಕಿ ಆದ್ರೆ ಮುಂದೆ ಸೊನ್ನೆ ಹಾಕೋದು ಬಿಡಬೇಡಿ.

ಎರಡನೇ ಪದ ಹೊಲದ ಹೆಸರು, ಜಾಗ ಬಿಡದೆ ಒಂದೇ ಪದ. ಕೆರೆಹೊಲ, ಮೇಲಿನಹೊಲ, ಗುತ್ತಿಗೆಹೊಲ, ಹೀಗೆ. ಮೂರನೇದು ಬೆಳೆ. ಖರ್ಚಿನ ಸಾಲಾದ್ರೆ ದುಡ್ಡು ಯಾವಾಗಲೂ ಕೊನೆಯ ಪದ.

ಪ್ರತಿ ಸಾಲಿನಲ್ಲೂ ಹೊಲ, ಬೆಳೆ ಮತ್ತೆ ಮತ್ತೆ ಬರೆಯೋದು ಬೇಜಾರು ಅನಿಸಬಹುದು. "ಅದೇ ಹೊಲಕ್ಕೆ ಅದನ್ನೇ ಇನ್ನೊಂದು ಸಲ ಹೊಡೆದೆ" ಅಂತ ಬರೆದರೆ ಈವತ್ತು ಅರ್ಥ ಆಗುತ್ತೆ. ಆದರೆ ಹುಡುಕಿದಾಗ ಈ ಸಾಲು ಒಂಟಿಯಾಗಿ ಎದ್ದು ಬರುತ್ತೆ, ಹಿಂದೆ ಮುಂದೆ ಏನೂ ಇರೋದಿಲ್ಲ. ಆಗ ಅದೇ ಹೊಲ ಅಂದ್ರೆ ಯಾವುದು, ಅದನ್ನೇ ಅಂದ್ರೆ ಏನು? ಒಂದು ಸಾಲು ಒಂಟಿಯಾಗಿ ಸಿಕ್ಕರೂ ಪೂರ್ತಿ ಅರ್ಥ ಆಗಬೇಕು. ಕೀಬೋರ್ಡ್ ಒಂದು ವಾರದಲ್ಲಿ ನಿಮ್ಮ ಪದಗಳನ್ನ ಕಲಿತುಕೊಳ್ಳುತ್ತೆ, ಆಮೇಲೆ ಎರಡು ಅಕ್ಷರಕ್ಕೇ ಪೂರ್ತಿ ಪದ ತೋರಿಸುತ್ತೆ.

ಗ್ರೆಪ್ ಅನ್ನೋ ಜರಡಿ

ಈಗ ಹುಡುಕೋಣ. ಜಿ-ಆರ್-ಇ-ಪಿ, ಗ್ರೆಪ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದದ್ದು, 1973ರಿಂದ ಬಳಕೆಯಲ್ಲಿದೆ. ಇಂಗ್ಲಿಷ್ ಅಕ್ಷರದ ಕಾಲದಲ್ಲಿ ಹುಟ್ಟಿದ್ದು ಈಗ ಅಂಗಮಾರಿಯನ್ನೂ ಹುಡುಕಿ ಕೊಡುತ್ತೆ. ಕೆಲಸ ಒಂದೇ: ನೀವು ಹೇಳಿದ ಪದ ಇರೋ ಸಾಲುಗಳನ್ನ ಮಾತ್ರ ಜರಡಿ ಹಿಡಿದು ಕೊಡೋದು.

ಹೀಗೆ ಟೈಪ್ ಮಾಡಿ: ಗ್ರೆಪ್, ಸ್ಪೇಸ್, ಮೈನಸ್ ಆರ್-ಎಚ್, ಸ್ಪೇಸ್, ಅಂಗಮಾರಿ, ಸ್ಪೇಸ್, ಒಂದು ಚುಕ್ಕಿ. ಆರ್ ಅಂದ್ರೆ ಫೋಲ್ಡರ್ ಒಳಗಿನ ಎಲ್ಲ ಫೈಲನ್ನೂ ನೋಡು ಅಂತ. ಎಚ್ ಅಂದ್ರೆ ಫೈಲಿನ ಹೆಸರು ತೋರಿಸಬೇಡ, ಸಾಲು ಮಾತ್ರ ಕೊಡು ಅಂತ. ಚುಕ್ಕಿ ಅಂದ್ರೆ ಈಗ ಇರೋ ಫೋಲ್ಡರ್. ಎಂಟರ್ ಒತ್ತಿದ್ರೆ ಅಂಗಮಾರಿ ಬಂದ ಸಾಲೆಲ್ಲ ಎದುರಿಗೆ.

ಕನ್ನಡ ಟೈಪ್ ಮಾಡೋಕೆ ಟರ್ಮಕ್ಸ್‌ನಲ್ಲಿ ಒಂದು ತಂತ್ರ ಇದೆ. ಕೀಬೋರ್ಡ್ ಮೇಲೆ ಇಎಸ್‌ಸಿ, ಕಂಟ್ರೋಲ್ ಅಂತೆಲ್ಲ ಇರೋ ಕೀಗಳ ಸಾಲನ್ನ ಬೆರಳಿಂದ ಎಡಕ್ಕೆ ಎಳೆಯಿರಿ. ಸಾದಾ ಟೈಪಿಂಗ್ ಡಬ್ಬ ಬರುತ್ತೆ. ಅದರಲ್ಲಿ ಕನ್ನಡ ಕೀಬೋರ್ಡ್ ಆರಾಮಾಗಿ ಕೆಲಸ ಮಾಡುತ್ತೆ. ಟರ್ಮಕ್ಸ್‌ನ ಪರದೆಯಲ್ಲಿ ಒತ್ತಕ್ಷರಗಳು ಸ್ವಲ್ಪ ಹರಕಲಾಗಿ ಕಾಣಬಹುದು. ಗಾಬರಿ ಬೇಡ, ಫೈಲಿನಲ್ಲಿ ಸರಿಯಾಗೇ ಇರುತ್ತೆ. ಮಾರ್ಕರ್‌ನಲ್ಲಿ ತೆರೆದು ನೋಡಿ.

ಎರಡು ಜರಡಿ ಒಂದರ ಕೆಳಗೆ ಒಂದು ಇಡಬಹುದು. ಅದಕ್ಕೆ ಪೈಪ್ ಅನ್ನೋ ನೆಟ್ಟಗಿನ ಗೆರೆ, ಕೀಬೋರ್ಡಿನ ಚಿಹ್ನೆಗಳ ಪುಟದಲ್ಲಿ ಇರುತ್ತೆ. ಡ್ರಿಪ್ ಪೈಪಿನ ಹಾಗೇ, ಮೊದಲನೇ ಕಮಾಂಡಿನಿಂದ ಹರಿದದ್ದು ಎರಡನೇದಕ್ಕೆ ಹೋಗುತ್ತೆ. ಗ್ರೆಪ್ ಮೈನಸ್ ಆರ್-ಎಚ್ ಮೇಲಿನಹೊಲ ಚುಕ್ಕಿ, ಪೈಪ್, ಗ್ರೆಪ್ ಶುಂಠಿ, ಪೈಪ್, ಸಾರ್ಟ್. ಎಸ್-ಒ-ಆರ್-ಟಿ, ಸಾರ್ಟ್, ತಾರೀಖಿನ ಪ್ರಕಾರ ಜೋಡಿಸುತ್ತೆ. ಅಂದ್ರೆ ಮೇಲಿನಹೊಲದ ಸಾಲು, ಅದರಲ್ಲೂ ಶುಂಠಿಯದ್ದು ಮಾತ್ರ, ಹಳೇದರಿಂದ ಹೊಸದಕ್ಕೆ.

ಈ ಒಂದು ಪ್ರಶ್ನೆಯ ಬೆಲೆ ಶುಂಠಿ ಬೆಳೆದವರಿಗೆ ಗೊತ್ತು. ಗೆಡ್ಡೆ ಕೊಳೆಯ ಶಿಲೀಂಧ್ರ, ಹಸಿರಾಗಿರುವಾಗಲೇ ಬಾಡಿಸೋ ಬ್ಯಾಕ್ಟೀರಿಯಾ, ಎರಡೂ ಮಣ್ಣಿನಲ್ಲೇ ಉಳೀತವೆ. ಅದಕ್ಕೇ ಶುಂಠಿ ಹಾಕಿದ ಜಾಗಕ್ಕೆ ಮತ್ತೆ 3-4 ವರ್ಷ ಶುಂಠಿ ಬೇಡ ಅನ್ನೋದು. ಸ್ವಂತ ಹೊಲ ಆದ್ರೆ ನೆನಪಿರುತ್ತೆ. ಗುತ್ತಿಗೆ ಹೊಲದಲ್ಲಿ? ಅರಕಲಗೂಡು, ಹೊಳೆನರಸೀಪುರ ಕಡೆ ವರ್ಷಕ್ಕೊಬ್ಬರು ಬಂದು ಶುಂಠಿ ಬೆಳೆದು ಹೋಗ್ತಾರೆ. ಹೊಲದ ಯಜಮಾನರನ್ನ ಕೇಳಿದ್ರೆ "ಶುಂಠಿ ಹಾಕಿ ಬಹಳ ದಿನ ಆಯ್ತು ಕಣಪ್ಪ" ಅಂತಾರೆ. ಅವರೇನು ಸುಳ್ಳು ಹೇಳ್ತಿಲ್ಲ, ಬಹಳ ದಿನ ಅನ್ನೋದು ಅವರ ಲೆಕ್ಕದಲ್ಲಿ ಎರಡು ವರ್ಷವೂ ಇರಬಹುದು. ಹಾಗಾಗಿ ನಾನು ಹೊಲ ನೋಡೋಕೆ ಹೋದಾಗಲೇ ಅಕ್ಕಪಕ್ಕದವರನ್ನ ಕೇಳಿ ಹಿಂದಿನ ನಾಲ್ಕು ವರ್ಷದ ಬೆಳೆ ಒಂದೊಂದು ಸಾಲಿನಲ್ಲಿ ಬರೆದುಕೊಳ್ತೀನಿ, ಆ ಹೊಲ ಹಿಡಿಯದಿದ್ರೂ ಸರಿ. ಈ ವರ್ಷ ಅಂಥದ್ದೇ ಒಂದು ಹೊಲ ಮತ್ತೆ ಗುತ್ತಿಗೆಗೆ ಬಂತು. ಹುಡುಕಿ ನೋಡಿದ್ರೆ 2023ರಲ್ಲಿ ಶುಂಠಿ, ಅರ್ಧ ಬಾಡಿ ಹೋಗಿತ್ತು ಅಂತ ಪಕ್ಕದವರ ಮಾತು. ಅಲ್ಲಿ ರಾಗಿ ಮತ್ತು ಅವರೆಗೆ ಮಾತಾಡಿದ್ದೀವಿ, ಗುತ್ತಿಗೆಯೂ ಕಡಿಮೆಗೆ ಬಂತು.

ಆಲೂಗಡ್ಡೆಗೂ ಹೀಗೇ. ಹಾಸನದಲ್ಲಿ ಮೇ-ಜೂನ್‌ನಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗೆಡ್ಡೆ ಹಾಕ್ತೀವಿ, ಬೆಳೆ ಬೆಳೆಯೋದು ಮುಂಗಾರಿನಲ್ಲಿ. ಮೋಡ, ತಂಪು, ಎಲೆ ಮೇಲೆ ನೀರು, ಅಂಗಮಾರಿಗೆ ಇದಕ್ಕಿಂತ ಇನ್ನೇನು ಬೇಕು. 1845ರಲ್ಲಿ ಐರ್ಲೆಂಡ್‌ನ ಆಲೂಗಡ್ಡೆ ಕೊಳೆಸಿ ಬರ ತಂದ ರೋಗವೇ ಇದು. ಬೋರ್ಡೋ ದ್ರಾವಣ ರೋಗ ಬರದ ಹಾಗೆ ತಡೆಯುತ್ತೆ, ಬಂದದ್ದನ್ನ ವಾಸಿ ಮಾಡಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಅನ್ನೋ ಅಳತೆ ಎಲ್ಲರಿಗೂ ಗೊತ್ತು, ಯಾವತ್ತು ಹೊಡೆಯಬೇಕು ಅನ್ನೋದೇ ಪ್ರಶ್ನೆ. ನನ್ನ ಕೆರೆಹೊಲದಲ್ಲಿ ಮೇಲಿನ ಸಾಲುಗಳ ಪ್ರಕಾರ ಬಿತ್ತಿದ 33ನೇ ದಿನಕ್ಕೆ ಚುಕ್ಕೆ ಬಂತು. ಎರಡು ಮೂರು ವರ್ಷದ ಇಂಥ ಸಾಲುಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ನಮ್ಮ ಹೊಲಕ್ಕೆ ರೋಗ ಯಾವ ವಾರದಲ್ಲಿ ಬರುತ್ತೆ ಅನ್ನೋ ಅಂದಾಜು ಸಿಗುತ್ತೆ. ಅದಕ್ಕೆ ಒಂದು ವಾರ ಮುಂಚೆ ಕ್ಯಾನ್ ತೊಳೆದು ಇಟ್ಟುಕೊಳ್ಳಬಹುದು. ಮಳೆ ನಕ್ಷತ್ರದ ಹೆಸರು ಬರೆದಿದ್ರೆ ಇನ್ನೂ ಚೆಂದ. ಗ್ರೆಪ್‌ಗೆ ಆರಿದ್ರಾ ಅಂತ ಕೊಟ್ಟು ನೋಡಿ, ಪ್ರತಿ ವರ್ಷ ಆರಿದ್ರಾ ಮಳೆಯಲ್ಲಿ ನಿಮ್ಮ ಹೊಲದಲ್ಲಿ ಏನಾಗಿತ್ತು ಅಂತ ಸಾಲಾಗಿ ಬರುತ್ತೆ.

ಕನ್ನಡದ ಕಾಗುಣಿತವೇ ಉಪಾಯ

ಗ್ರೆಪ್‌ಗೆ ಬುದ್ಧಿ ಇಲ್ಲ. ಅಕ್ಷರಕ್ಕೆ ಅಕ್ಷರ ಹೊಂದಿದ್ರೆ ಮಾತ್ರ ಕೊಡುತ್ತೆ. ಬೇವು ಅಂತ ಹುಡುಕಿದ್ರೆ "ಬೇವಿನ ಹಿಂಡಿ" ಅಂತ ಬರೆದ ಸಾಲು ಸಿಗಲ್ಲ. ಆದರೆ ಕನ್ನಡವನ್ನ ಯೂನಿಕೋಡ್‌ನಲ್ಲಿ ಇಡೋ ರೀತಿ ನಮಗೆ ಅನುಕೂಲವಾಗೇ ಇದೆ. ಅಲ್ಲಿ ವು ಅಂದ್ರೆ ಒಂದು ಅಕ್ಷರ ಅಲ್ಲ, ವ ಮತ್ತು ಕೊಂಬು ಅಂತ ಎರಡು ತುಂಡು. ವಿ ಅಂದ್ರೆ ವ ಮತ್ತು ಗುಡಿಸು. ಹಾಗಾಗಿ ಬರೀ "ಬೇವ" ಅಂತ ಹುಡುಕಿ. ಬೇವು, ಬೇವಿನ, ಎಲ್ಲಾ ಬರುತ್ತೆ. "ತೆಂಗ" ಅಂದ್ರೆ ತೆಂಗು, ತೆಂಗಿನ ಎರಡೂ. ಅಂದ್ರೆ ಕೊನೆಯ ಅಕ್ಷರದ ಕಾಗುಣಿತ ತೆಗೆದು ಹುಡುಕಬೇಕು, ವಿಭಕ್ತಿ ಏನೇ ಇರಲಿ ಸಿಗುತ್ತೆ.

ಊರಿನ ಹೆಸರಿನಲ್ಲಿ ನಮ್ಮ ಜಿಲ್ಲೆಯವರಿಗೆ ವಿಶೇಷ ತಾಪತ್ರಯ. ಅರಕಲಗೂಡು, ಅರ್ಕಲಗೂಡು. ಹೊಳೆನರಸೀಪುರ, ಹೊಳೆನರಸಿಪುರ. ಚನ್ನರಾಯಪಟ್ಟಣ, ಚೆನ್ನರಾಯಪಟ್ಟಣ. ಬಸ್ಸಿನ ಬೋರ್ಡಿನಲ್ಲಿ ಒಂದು, ಅಂಗಡಿ ಬೋರ್ಡಿನಲ್ಲಿ ಇನ್ನೊಂದು. ಹಾಸನ ಒಂದೇ ತಂಟೆ ಇಲ್ಲದ್ದು. ಇವಕ್ಕೆ ಎರಡು ರೂಪಕ್ಕೂ ಸಾಮಾನ್ಯವಾದ ತುಂಡು ಹುಡುಕಿ: ಕಲಗೂಡ, ಹೊಳೆನರಸ, ರಾಯಪಟ್ಟಣ. ಆಲೂಗಡ್ಡೆಗೂ ಹಾಗೇ. ಆಲೂಗಡ್ಡೆ, ಆಲುಗಡ್ಡೆ, ಆಲೂಗೆಡ್ಡೆ ಅಂತ ಮನೆಯಲ್ಲಿ ಮೂರು ಜನ ಮೂರು ಥರ ಬರೀತಾರೆ. "ಆಲ" ಅಂತ ಹುಡುಕಿದ್ರೆ ಮೂರೂ ಸಿಗುತ್ತೆ, ಜೊತೆಗೆ ಆಲದಮರದ ಹೊಲವೂ ಬರುತ್ತೆ, ಇರಲಿ ಬಿಡಿ.

ಹಳೇ ದಾಖಲೆ ಇದ್ದವರಿಗೆ ಇನ್ನೊಂದು ಮಾತು. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪ್ ಮಾಡಿಸಿದ ಫೈಲು ಯೂನಿಕೋಡ್‌ನಲ್ಲಿ ಇರೋದಿಲ್ಲ. ಪರದೆಯಲ್ಲಿ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳೇ ಇರ್ತವೆ, ಗ್ರೆಪ್‌ಗೆ ಏನೂ ಸಿಗಲ್ಲ. ಅಂಥವನ್ನ ಒಮ್ಮೆ ಯೂನಿಕೋಡ್‌ಗೆ ಪರಿವರ್ತನೆ ಮಾಡಿಸಿಕೊಂಡು ಟೆಕ್ಸ್ಟ್ ಫೈಲ್ ಆಗಿ ಇಟ್ಟುಕೊಳ್ಳಿ.

ಖರ್ಚು ಕೂಡೋದು

ಇದಕ್ಕೆ ಎ-ಡಬ್ಲ್ಯು-ಕೆ, ಆಕ್, ಅನ್ನೋ ಕಮಾಂಡು. ಸ್ವಲ್ಪ ಉದ್ದ, ನಿಧಾನಕ್ಕೆ ಟೈಪ್ ಮಾಡಿ. ಮೊದಲು ಗ್ರೆಪ್ ಮೈನಸ್ ಆರ್-ಎಚ್ ಖರ್ಚು ಚುಕ್ಕಿ, ಪೈಪ್, ಗ್ರೆಪ್ ಆಲ, ಪೈಪ್. ಆಮೇಲೆ ಆಕ್, ಸ್ಪೇಸ್, ಒಂಟಿ ಉದ್ಧರಣ ಚಿಹ್ನೆ. ಅದರ ಒಳಗೆ: ಹೂ ಬ್ರಾಕೆಟ್ ತೆರೆದು, ಎಸ್, ಪ್ಲಸ್, ಈಕ್ವಲ್ ಟು, ಡಾಲರ್, ದೊಡ್ಡಕ್ಷರದಲ್ಲಿ ಎನ್-ಎಫ್, ಹೂ ಬ್ರಾಕೆಟ್ ಮುಚ್ಚಿ. ಸ್ಪೇಸ್. ದೊಡ್ಡಕ್ಷರದಲ್ಲಿ ಇ-ಎನ್-ಡಿ. ಮತ್ತೆ ಹೂ ಬ್ರಾಕೆಟ್ ಒಳಗೆ ಸಣ್ಣಕ್ಷರದಲ್ಲಿ ಪ್ರಿಂಟ್, ಸ್ಪೇಸ್, ಎಸ್. ಕೊನೆಗೆ ಒಂಟಿ ಉದ್ಧರಣ ಚಿಹ್ನೆ ಮುಚ್ಚಿ ಎಂಟರ್.

ಡಾಲರ್ ಎನ್-ಎಫ್ ಅಂದ್ರೆ ಸಾಲಿನ ಕೊನೆಯ ಪದ. ದುಡ್ಡನ್ನ ಕೊನೆಯಲ್ಲೇ ಬರೀರಿ ಅಂದದ್ದು ಇದಕ್ಕೇ. ಪ್ರತಿ ಸಾಲಿನ ಕೊನೆಯ ಅಂಕಿಯನ್ನ ಎಸ್ ಅನ್ನೋ ಡಬ್ಬಕ್ಕೆ ಹಾಕ್ತಾ ಹೋಗು, ಎಲ್ಲ ಮುಗಿದ ಮೇಲೆ ಡಬ್ಬದಲ್ಲಿ ಎಷ್ಟಿದೆ ಹೇಳು, ಇಷ್ಟೇ ಇದರ ಅರ್ಥ. ಮೂರು ವಿಷಯ ನೋಡಿಕೊಳ್ಳಿ. ಅಂಕಿ 1, 2, 3 ಆಗಿರಬೇಕು. ಕನ್ನಡ ಅಂಕಿಯಲ್ಲಿ ೪೨೦ ಅಂತ ಬರೆದ್ರೆ ಆಕ್ ಅದನ್ನ ಸೊನ್ನೆ ಅಂತ ತಗೊಳ್ಳುತ್ತೆ. 1,200 ಅಂತ ಅಲ್ಪವಿರಾಮ ಹಾಕಿದ್ರೆ 1 ಅಂತ ಓದುತ್ತೆ, 1200 ಅಂತಲೇ ಬರೀರಿ. ಕೊನೆಗೆ ರೂಪಾಯಿ ಅಂತ ಸೇರಿಸಿದ್ರೆ ಆ ಸಾಲೇ ಲೆಕ್ಕಕ್ಕೆ ಬರಲ್ಲ. ಯಾವ ತಪ್ಪಿಗೂ ಅದು ದೂರು ಹೇಳೋದಿಲ್ಲ, ತಪ್ಪು ಮೊತ್ತ ಕೊಟ್ಟು ಸುಮ್ಮನಿರುತ್ತೆ. ಮೊದಲ ಸಲ ಐದಾರು ಸಾಲನ್ನ ಬಾಯಲ್ಲಿ ಕೂಡಿ ತಾಳೆ ನೋಡಿ.

ಇಷ್ಟುದ್ದ ಪ್ರತಿ ಸಲ ಟೈಪ್ ಮಾಡಬೇಕಾಗಿಲ್ಲ. ಟರ್ಮಕ್ಸ್‌ನ ಮೇಲಿನ ಬಾಣದ ಕೀ ಒತ್ತಿದ್ರೆ ಹಿಂದೆ ಹೊಡೆದ ಕಮಾಂಡ್ ಮತ್ತೆ ಬರುತ್ತೆ, ಪದ ಬದಲಿಸಿ ಎಂಟರ್ ಒತ್ತಿ. ದಿನಾ ಬಳಸೋದಾದ್ರೆ ಅದಕ್ಕೊಂದು ಅಡ್ಡಹೆಸರು ಇಡಬಹುದು. ಎ-ಎಲ್-ಐ-ಎ-ಎಸ್, ಅಲಿಯಾಸ್, ಸ್ಪೇಸ್, ಹುಡುಕು, ಈಕ್ವಲ್ ಟು, ಒಂಟಿ ಉದ್ಧರಣ ಚಿಹ್ನೆಯ ಒಳಗೆ ಗ್ರೆಪ್ ಮೈನಸ್ ಆರ್-ಎಚ್. ಎಲ್ಲೂ ಸ್ಪೇಸ್ ಜಾಸ್ತಿ ಆಗಬಾರದು. ಆಮೇಲೆ ಬರೀ "ಹುಡುಕು ಬೇವ" ಅಂತ ಕನ್ನಡದಲ್ಲೇ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಚುಕ್ಕಿ ಇಟ್ರೆ ಆಯ್ತು. ಟರ್ಮಕ್ಸ್ ಮುಚ್ಚಿದ್ರೆ ಅಡ್ಡಹೆಸರು ಮರೆತು ಹೋಗುತ್ತೆ. ಶಾಶ್ವತ ಆಗಬೇಕು ಅಂದ್ರೆ ಆ ಸಾಲನ್ನ ಚುಕ್ಕಿ-ಬ್ಯಾಶ್‌ಆರ್‌ಸಿ ಅನ್ನೋ ಫೈಲಿನಲ್ಲಿ ಬರೆದಿಡಬೇಕು. ಪದೇ ಪದೇ ಬೇಕು ಅನಿಸಿದಾಗ ಕಲಿತರೆ ಸಾಕು.

ಪರಿಶೀಲನೆಯ ದಿನ

ನಮ್ಮ ಗುಂಪಿನಲ್ಲಿ ಹೊಲ ನೋಡೋಕೆ ಬಂದವರು ಕೇಳೋದು ಹೆಚ್ಚು ಕಮ್ಮಿ ಇವೇ: ಬಿತ್ತನೆ ಎಲ್ಲಿಂದ ತಂದ್ರಿ, ಗೊಬ್ಬರ ಏನು, ಔಷಧಿ ಏನು, ಪಕ್ಕದ ಹೊಲದವರು ರಾಸಾಯನಿಕ ಹೊಡೆದಾಗ ನಮ್ಮ ಕಡೆ ಗಾಳಿ ಬೀಸಿತಾ. ಕೊನೆಯದನ್ನ ಬಹಳ ಜನ ಬರೆಯೋದೇ ಇಲ್ಲ. ಬರೀರಿ. ತೆಂಗಿನ ತೋಟಕ್ಕೆ ನಾನು ಬೇವಿನ ಹಿಂಡಿ ಹಾಕಿದ ದಿನ, ಮರಕ್ಕೆ 5 ಕಿಲೋ ಅಂತ ಅಳತೆ, ಕೆಂಪು ಮೂತಿ ಹುಳು ಕಂಡ ಮರದ ನಂಬರ್ ಬರೀತೀನಿ. ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿ ಕಡೆ ಕಂಡದ್ದು ಈಗ ನಮ್ಮ ತೋಟಗಳಿಗೂ ಬಂದಿದೆ. ಯಾವ ತಿಂಗಳು ಜಾಸ್ತಿ, ಯಾವ ಮಳೆಗೆ ತೊಳೆದು ಹೋಯ್ತು ಅಂತ ನಮ್ಮ ತೋಟದ ಸಾಲುಗಳೇ ಹೇಳಬೇಕು.

ಒಂದು ಮಾತು ಸ್ಪಷ್ಟ ಇರಲಿ. ಫೋನಿನ ಫೈಲು ಸಹಿ ಹಾಕಿದ ಡೈರಿಗೆ ಬದಲಿ ಅಲ್ಲ. ಟೆಕ್ಸ್ಟ್ ಫೈಲನ್ನ ಯಾರು ಯಾವಾಗ ಬೇಕಾದ್ರೂ ತಿದ್ದಬಹುದು, ಪರಿಶೀಲನೆ ಮಾಡೋರಿಗೂ ಅದು ಗೊತ್ತು. ಹಾಗಾಗಿ ತಿಂಗಳ ಕೊನೆಗೆ ಆ ತಿಂಗಳ ಸಾಲು ಮಾತ್ರ ತೆಗೆದು, ಗ್ರೆಪ್‌ಗೆ 2025-07 ಅಂತ ಕೊಟ್ಟರೆ ಜುಲೈ ಪೂರ್ತಿ ಬರುತ್ತೆ, ಪ್ರಿಂಟ್ ಹಾಕಿಸಿ ಸಹಿ ಮಾಡಿ ಡೈರಿಗೆ ಅಂಟಿಸ್ತೀನಿ. ನಿಮ್ಮ ಗುಂಪು ಅಥವಾ ದೃಢೀಕರಣ ಸಂಸ್ಥೆ ಯಾವ ನಮೂನೆ ಕೇಳುತ್ತೋ ಅದನ್ನ ಮೊದಲೇ ವಿಚಾರಿಸಿಕೊಳ್ಳಿ. ತಿದ್ದಿದ ಚರಿತ್ರೆಯನ್ನೂ ತಾರೀಖಿನ ಸಮೇತ ಉಳಿಸಿಕೊಳ್ಳೋ ಗಿಟ್ ಅನ್ನೋ ಸಾಧನ ಟರ್ಮಕ್ಸ್‌ನಲ್ಲೇ ಸಿಗುತ್ತೆ. ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು. ಅದನ್ನ ಹೇಳೋಕೆ ಬೇರೆ ವಾರವೇ ಬೇಕು.

ಫೋನ್ ಕೆರೆಗೆ ಬಿದ್ದರೆ?

ಬೀಳುತ್ತೆ, ಇಲ್ಲ ಟ್ರಾಕ್ಟರ್ ಚಕ್ರಕ್ಕೆ ಸಿಗುತ್ತೆ. ವಾರಕ್ಕೊಮ್ಮೆ ನಕಲು ತೆಗೀರಿ. ಫೋಲ್ಡರ್ ಒಳಗೆ ಇದ್ದುಕೊಂಡೇ: ಟಿ-ಎ-ಆರ್, ಸ್ಪೇಸ್, ಮೈನಸ್ ಸಿ-ಝಡ್-ಎಫ್, ಸ್ಪೇಸ್, ಎರಡು ಚುಕ್ಕಿ, ಓರೆಗೆರೆ, ಹೊಲ, ಚುಕ್ಕಿ, ಟಿ-ಜಿ-ಝಡ್, ಸ್ಪೇಸ್, ಒಂದು ಚುಕ್ಕಿ. ಎಲ್ಲ ಫೈಲೂ ಒಂದೇ ಗಂಟಾಗಿ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಕೂರುತ್ತೆ. ಎರಡು ಚುಕ್ಕಿ ಅಂದ್ರೆ ಒಂದು ಮೆಟ್ಟಿಲು ಹೊರಗೆ ಅಂತ. ಬರೀ ಅಕ್ಷರ ಆದ್ದರಿಂದ ಗಂಟು ಒಂದು ಫೋಟೋಗಿಂತ ಚಿಕ್ಕದು. ಅದನ್ನ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಮನೆಯ ಇನ್ನೊಂದು ಫೋನಿಗೆ ಕಳಿಸಿ, ಇಲ್ಲ ಪೆನ್‌ಡ್ರೈವ್‌ಗೆ ಹಾಕಿ. ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಊಟ ಆದಮೇಲೆ ನನ್ನ ಹೆಂಡತಿಯ ಫೋನಿಗೆ ಹೋಗುತ್ತೆ. ತಿಂಗಳಿಗೊಮ್ಮೆ ಆ ಫೋನಿನಲ್ಲಿ ಗಂಟು ಬಿಚ್ಚಿ, ಸಿ ಇದ್ದ ಕಡೆ ಎಕ್ಸ್ ಹಾಕಿದ್ರೆ ಬಿಚ್ಚುತ್ತೆ, ಒಂದು ಸಾಲು ಓದಿ ನೋಡ್ತೀವಿ. ಇದಕ್ಕೆ ಅವರ ಫೋನಿನಲ್ಲೂ ಟರ್ಮಕ್ಸ್ ಹಾಕಿಕೊಟ್ಟಿದ್ದೀನಿ. ಬಿಚ್ಚುವಾಗ ಹೊಸದಾಗಿ ಮಾಡಿದ ಖಾಲಿ ಫೋಲ್ಡರ್ ಒಳಗೇ ಬಿಚ್ಚಿ, ಹಳೇ ಫೈಲಿನ ಮೇಲೆ ಬರೆಯೋದು ತಪ್ಪುತ್ತೆ.